ಬ್ರಿಟನ್ನಿನ ದಿನಬಳಕೆಯ ಇಂಗ್ಲಿಷ್: ಕನ್ನಡದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಓದಲೆಂದು ಬ್ರಿಟನ್ನಿಗೆ ಬಂದಿರುವ, ಅಥವಾ ಇನ್ನೇನು ಹೊರಡಲಿರುವ ಕನ್ನಡದ ವಿದ್ಯಾರ್ಥಿಗಳಿಗಾಗಿ ಈ ಪುಟ. ವ್ಯಾಕರಣ ನಿಮಗೆ ಗೊತ್ತಿದೆ, ಪುಸ್ತಕ ಓದಿದರೆ ಅರ್ಥವೂ ಆಗುತ್ತದೆ. ತೊಡಕಾಗುವುದು ಬಸ್ಸಿನ ಬಾಗಿಲಲ್ಲಿ, ಅಂಗಡಿಯ ಕೌಂಟರಿನಲ್ಲಿ, ಹಾಸ್ಟೆಲಿನ ಅಡುಗೆಮನೆಯಲ್ಲಿ. ಆದ್ದರಿಂದ ಅಲ್ಲಿಂದಲೇ ಶುರು ಮಾಡಿದ್ದೇವೆ.

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 7 ಬಂದಿದೆ. ಆದರೂ ಅಂಗಡಿಯವರು ಹೇಳಿದ್ದು ತಲೆಗೆ ಹೋಗುವುದಿಲ್ಲ. ಯಾಕೆ?

ಪರೀಕ್ಷೆಯಲ್ಲಿ ಪ್ರಶ್ನೆ ಮೊದಲೇ ಕಣ್ಣೆದುರು ಇರುತ್ತದೆ, ಆಮೇಲೆ ಧ್ವನಿ ಕೇಳಿಸುತ್ತದೆ. ಕೌಂಟರಿನಲ್ಲಿ ಯಾವ ಪ್ರಶ್ನೆ ಬರುತ್ತದೋ ಗೊತ್ತಿರುವುದಿಲ್ಲ. ಅರ್ಧ ಪದ ನುಂಗಿ ಮಾತಾಡುತ್ತಾರೆ, ಅದರ ಮೇಲೆ ಊರಿನ ಧಾಟಿ ಬೇರೆ. ಧಾಟಿಗೆ ಕಿವಿ ಪಳಗಲು ತಿಂಗಳುಗಳೇ ಬೇಕು. ಬರುವ ಪ್ರಶ್ನೆಗಳನ್ನು ಮಾತ್ರ ಒಂದು ವಾರದಲ್ಲಿ ಕಲಿತುಬಿಡಬಹುದು, ಏಕೆಂದರೆ ಅವು ಇರುವುದೇ ನಾಲ್ಕೈದು. ‘ನೀಡ್ ಎ ಬ್ಯಾಗ್?’ ಎಂದರೆ ಚೀಲ ಬೇಕಾ ಎಂದು. ಇಂಗ್ಲೆಂಡಿನಲ್ಲಿ 2021ರ ಮೇ ತಿಂಗಳಿಂದ ಅದಕ್ಕೆ ಕನಿಷ್ಠ 10 ಪೆನ್ಸ್ ಕೊಡಬೇಕು. ‘ಗಾಟ್ ಎ ಕ್ಲಬ್‌ಕಾರ್ಡ್?’ ಎಂದು ಟೆಸ್ಕೊದಲ್ಲಿ, ‘ಗಾಟ್ ಎ ನೆಕ್ಟರ್ ಕಾರ್ಡ್?’ ಎಂದು ಸೇನ್ಸ್‌ಬರೀಸ್‌ನಲ್ಲಿ ಕೇಳುತ್ತಾರೆ; ಇವೆರಡೂ ಆ ಸೂಪರ್‌ಮಾರ್ಕೆಟುಗಳ ಖಾಯಂ ಗಿರಾಕಿಗಳ ರಿಯಾಯಿತಿ ಕಾರ್ಡುಗಳು. ‘ಯು ಆಲ್‌ರೈಟ್ ಪ್ಯಾಕಿಂಗ್?’ ಎಂದರೆ ತುಂಬಿಕೊಳ್ಳಲು ಸಹಾಯ ಬೇಕೇ ಎಂದರ್ಥ. ಕೊನೆಗೆ ‘ಡು ಯು ವಾಂಟ್ ಯುವರ್ ರಿಸೀಟ್?’ ಇದರಲ್ಲಿ ‘ಪ’ ಉಚ್ಚಾರವಾಗುವುದಿಲ್ಲ.

ಮೊದಲ ಎರಡು ತಿಂಗಳು ನೀವೇ ಸ್ಕ್ಯಾನ್ ಮಾಡುವ ಯಂತ್ರದ ಕಡೆ ಹೋಗಬೇಡಿ. ಮನುಷ್ಯರು ಕೂತಿರುವ ಸಾಲಿನಲ್ಲೇ ನಿಲ್ಲಿ. ಹಿಂದೆ ಜನ ಕಡಿಮೆ ಇರುವ ಹೊತ್ತು, ಅಂದರೆ ವಾರದ ದಿನಗಳ ಬೆಳಿಗ್ಗೆ, ಇದಕ್ಕೆ ಒಳ್ಳೆಯದು. ಭಾನುವಾರ ಮಾತ್ರ ಗಮನವಿಡಿ: ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದೊಡ್ಡ ಅಂಗಡಿಗಳು ಅವತ್ತು ಒಟ್ಟು ಆರು ಗಂಟೆ ಮಾತ್ರ ತೆರೆದಿರಬೇಕೆಂದು ಕಾನೂನಿದೆ.

ಎದುರಾದವರೆಲ್ಲ ‘ಯು ಆಲ್‌ರೈಟ್?’ ಅನ್ನುತ್ತಾರೆ. ನನ್ನ ಮುಖ ಬಾಡಿದೆಯೇ?

ಇಲ್ಲ. ಅದು ಬರೀ ನಮಸ್ಕಾರ. ‘ಯಾ, ಯು?’ ಅಂದರೆ ಮುಗಿಯಿತು. ‘ನಾಟ್ ಬ್ಯಾಡ್, ಥ್ಯಾಂಕ್ಸ್’ ಎಂದರೂ ಆದೀತು. ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ ಎಂದು ಶುರು ಮಾಡಿದರೆ ಕೇಳಿದವರು ತಬ್ಬಿಬ್ಬಾಗುತ್ತಾರೆ. ಅಷ್ಟರಲ್ಲಿ ಅವರು ಎರಡು ಹೆಜ್ಜೆ ಮುಂದೆ ಹೋಗಿರುತ್ತಾರೆ.

‘ಗಿವ್ ಮಿ ಒನ್ ಕಾಫಿ’ ಅಂದರೆ ತಪ್ಪೇನು? ನಾನು ಮರ್ಯಾದೆಯಿಂದಲೇ ಕೇಳಿದೆನಲ್ಲ.

ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಒಳಗೇ ಇದೆ. ‘ಕೊಡು’ ಬೇರೆ, ‘ಕೊಡಿ’ ಬೇರೆ. ‘ಒಂದು ಕಾಫಿ ಕೊಡಿ’ ಅಂದಾಗ ಆ ಒಂದು ‘ಇ’ಕಾರವೇ ಸಾಕು, ‘ದಯವಿಟ್ಟು’ ಸೇರಿಸಿದರೆ ಸರ್ಕಾರಿ ಫಲಕದ ಭಾಷೆಯಾಗುತ್ತದೆ. ಇಂಗ್ಲಿಷಿನ ‘ಗಿವ್’ಗೆ ಅಂಥ ಬಾಲವಿಲ್ಲ. ಅದು ಯಾವಾಗಲೂ ‘ಕೊಡು’. ಮರ್ಯಾದೆಯನ್ನು ಹೊರಗಿನಿಂದ ತಂದು ಅಂಟಿಸಬೇಕು: ‘ಕ್ಯಾನ್ ಐ ಹ್ಯಾವ್ ಎ ಕಾಫಿ, ಪ್ಲೀಸ್?’ ‘ಪ್ಲೀಸ್’ ಬಿಟ್ಟರೆ ನೀವು ‘ಏಯ್, ಕಾಫಿ ಕೊಡು’ ಎಂದ ಹಾಗೆಯೇ ಅವರಿಗೆ ಕೇಳಿಸುತ್ತದೆ.

‘ಥ್ಯಾಂಕ್ಸ್’ ಕಥೆಯೂ ಇದೇ. ನಮ್ಮಲ್ಲಿ ತರಕಾರಿ ಗಾಡಿಯವರಿಗೆ ಯಾರೂ ಧನ್ಯವಾದ ಹೇಳುವುದಿಲ್ಲ, ಹೇಳದಿದ್ದರೆ ಅವಮಾನವೂ ಅಲ್ಲ. ಇಲ್ಲಿ ಒಂದು ಕಾಫಿ ಕೊಳ್ಳುವಷ್ಟರಲ್ಲಿ ಮೂರು ನಾಲ್ಕು ಬಾರಿ ಬರುತ್ತದೆ: ಕಪ್ಪು ಕೊಟ್ಟಾಗ, ಕಾರ್ಡ್ ಯಂತ್ರ ಮುಂದಿಟ್ಟಾಗ, ರಸೀತಿ ಕೊಟ್ಟಾಗ, ಹೊರಡುವಾಗ. ‘ಚಿಯರ್ಸ್’, ‘ತಾ’ ಕೂಡ ಥ್ಯಾಂಕ್ಸೇ. ಲಂಡನ್ನಿನ ಹೊರಗೆ ಬಹುತೇಕ ಊರುಗಳಲ್ಲಿ ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ‘ಥ್ಯಾಂಕ್ ಯು’ ಹೇಳುವುದು ರೂಢಿ. ‘ಸಾರಿ’ಗೆ ಇನ್ನೂ ಹೆಚ್ಚಿನ ಕೆಲಸ. ದಾರಿ ಬಿಡಿ ಎನ್ನಲು, ಕೇಳಿಸಲಿಲ್ಲ ಎನ್ನಲು, ಅವರೇ ನಿಮ್ಮ ಕಾಲು ತುಳಿದಾಗಲೂ ಒಂದು ‘ಸಾರಿ’.

ಇನ್ನು ‘ಕೈಂಡ್ಲಿ’. ಪ್ಲೀಸ್‌ಗಿಂತ ಹೆಚ್ಚು ವಿನಯದ್ದೆಂದು ನಾವು ಬಳಸುತ್ತೇವೆ. ಇಲ್ಲಿ ಅದು ಸಿಟ್ಟು ತಡೆದುಕೊಂಡು ಆಜ್ಞೆ ಮಾಡಿದ ಹಾಗೆ ಕೇಳಿಸುತ್ತದೆ. ಬಿಟ್ಟುಬಿಡಿ.

ಬಸ್ ಹತ್ತುವಾಗ ಏನು ಹೇಳಬೇಕು?

ನಿಮ್ಮ ಬಸ್ಸು ಬರುತ್ತಿರುವುದು ಕಂಡರೆ ಕೈ ಅಡ್ಡ ಚಾಚಿ. ಸುಮ್ಮನೆ ನಿಂತರೆ ನಿಲ್ಲಿಸದೆ ಹೋಗಬಹುದು. ಕಂಡಕ್ಟರ್ ಇರುವುದಿಲ್ಲ, ಡ್ರೈವರನ್ನೇ ಕೇಳಬೇಕು: ‘ಸಿಂಗಲ್ ಟು ದ ಸ್ಟೇಷನ್, ಪ್ಲೀಸ್.’ ಹೋಗಿ ಬರುವುದಕ್ಕೆ ‘ರಿಟರ್ನ್’, ದಿನವಿಡೀ ಓಡಾಡಲು ‘ಡೇ ಟಿಕೆಟ್’. 2025ರ ಜನವರಿಯಲ್ಲಿ ಇಂಗ್ಲೆಂಡಿನ ಬಹುಪಾಲು ಬಸ್ಸುಗಳ ಒಂದು ಕಡೆಯ ದರಕ್ಕೆ 3 ಪೌಂಡಿನ ಮಿತಿ ಬಂತು. ಲಂಡನ್ನಿನಲ್ಲಿ ಮಾತೇ ಬೇಕಿಲ್ಲ, 2014ರಿಂದ ಅಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ತಾಗಿಸಿದರೆ ಆಯಿತು. ಮಾತು ಕಲಿಯುವವರಿಗೆ ಚಿಕ್ಕ ಊರುಗಳೇ ಲಾಭ.

ನನ್ನ ಉಚ್ಚಾರಣೆ ಯಾರಿಗೂ ತಿಳಿಯುವುದಿಲ್ಲ. ಬ್ರಿಟಿಷರ ಧಾಟಿ ಕಲಿಯಬೇಕೇ?

ಧಾಟಿ ಬದಲಿಸುವುದು ಬೇಡ. ಕನ್ನಡದ ಧಾಟಿಯ ಇಂಗ್ಲಿಷಿನಲ್ಲಿ ನಾಚುವಂಥದ್ದೇನೂ ಇಲ್ಲ. ಆದರೆ ಅರ್ಥವನ್ನೇ ಕೆಡಿಸುವ ಕೆಲವು ಉಚ್ಚಾರಗಳಿವೆ, ಅವನ್ನಷ್ಟು ಸರಿಪಡಿಸಿಕೊಂಡರೆ ಸಾಕು.

ಮೊದಲನೆಯದು ಪ, ಟ, ಕ. ಪದದ ಆರಂಭದಲ್ಲಿ ಈ ವ್ಯಂಜನಗಳು ಬಂದರೆ ಬ್ರಿಟಿಷರು ಜೊತೆಗೆ ಒಂದಿಷ್ಟು ಉಸಿರು ಬಿಡುತ್ತಾರೆ, ನಾವು ಬಿಡುವುದಿಲ್ಲ. ಉಸಿರಿಲ್ಲದ ‘ಕೋಟ್’ ಅವರ ಕಿವಿಗೆ ‘ಗೋಟ್’, ಅಂದರೆ ಮೇಕೆ. ‘ಪಿನ್’ ಹೋಗಿ ಕಸದ ‘ಬಿನ್’, ‘ಟೌನ್’ ಹೋಗಿ ‘ಡೌನ್’. ಪರಿಹಾರ ನಮ್ಮ ವರ್ಣಮಾಲೆಯಲ್ಲೇ ಇದೆ: ಮಹಾಪ್ರಾಣ. ‘ಖೋಟ್’ ಎಂದೇ ಹೇಳಿ, ಸರಿಯಾಗಿ ಕೇಳಿಸುತ್ತದೆ. ತೆಳು ಕಾಗದವೊಂದನ್ನು ಬಾಯಿಯ ಮುಂದೆ ಹಿಡಿದು ‘ಪಿನ್’ ಅನ್ನಿ, ಕಾಗದ ಅಲುಗಬೇಕು. ಆದರೆ ‘ಫ’ವನ್ನು ಹಲ್ಲು ತಾಗಿಸಿ ‘ಫ್ಯಾನ್’ ಎನ್ನುವ ಹಾಗೆ ಹೇಳಬೇಡಿ, ತುಟಿ ಎರಡೂ ಮುಚ್ಚಿ ತೆರೆಯಬೇಕು. ‘ಟ’ ಹೇಳುವಾಗ ನಾಲಿಗೆಯನ್ನು ಹಿಂದಕ್ಕೆ ಮಡಿಸದೆ ಮೇಲಿನ ಹಲ್ಲಿನ ಹಿಂದಿನ ದಿಂಡಿಗೆ ತಾಗಿಸಿ.

ಎರಡನೆಯದು ‘ವ’. ಕನ್ನಡಕ್ಕೆ ಒಂದೇ ‘ವ’, ಇಂಗ್ಲಿಷಿಗೆ ಎರಡು. ಬನಿಯನ್ನಿನ ‘ವೆಸ್ಟ್’ ಮತ್ತು ಪಶ್ಚಿಮದ ‘ವೆಸ್ಟ್’ ನಮ್ಮ ಲಿಪಿಯಲ್ಲಿ ಬೇರೆ ಬರೆಯಲೂ ಬರುವುದಿಲ್ಲ. ಬನಿಯನ್ನಿಗೆ ಕೆಳತುಟಿ ಮೇಲಿನ ಹಲ್ಲಿಗೆ ತಾಗಿ ಝುಂ ಅನ್ನಬೇಕು. ಪಶ್ಚಿಮಕ್ಕೆ ಸಿಳ್ಳೆ ಹೊಡೆಯುವವರ ಹಾಗೆ ತುಟಿ ದುಂಡಗಾಗಬೇಕು, ಹಲ್ಲು ತಾಗಲೇಬಾರದು. ದಿನಕ್ಕೆ ಇಪ್ಪತ್ತು ಸಲ, ಕನ್ನಡಿಯ ಮುಂದೆ, ಎರಡು ವಾರ.

ಮೂರನೆಯದು ನಮ್ಮದೇ ವಿಶೇಷ. ‘ಎಲ್ಲರೂ’ ಎಂದು ಬರೆದು ‘ಯೆಲ್ಲರೂ’ ಎನ್ನುತ್ತೇವೆ, ‘ಒಂದು’ ಬರೆದು ‘ವೊಂದು’ ಎನ್ನುತ್ತೇವೆ. ಅದೇ ಅಭ್ಯಾಸದಲ್ಲಿ ‘ಯೆಗ್’, ‘ಯೆಕ್ಸಾಮ್’, ‘ವೋನ್ಲಿ’ ಬರುತ್ತವೆ. ಕಿವಿ ಎನ್ನುವ ಪದವೂ ವರ್ಷ ಎನ್ನುವ ಪದವೂ ಒಂದೇ ಆಗಿಬಿಡುತ್ತವೆ. ಡಾಕ್ಟರ ಹತ್ತಿರ ಇದು ಗೊಂದಲಕ್ಕೆ ದಾರಿ. ಜೊತೆಗೆ ‘ಬಸ್ಸು’, ‘ಬ್ಯಾಗು’ ಎಂಬ ಕೊನೆಯ ಉಕಾರವನ್ನೂ ಕತ್ತರಿಸಿ.

ಇವೆಲ್ಲಕ್ಕಿಂತ ದೊಡ್ಡದು ಒತ್ತು. ನಾವು ಅಕ್ಷರಗಳಿಗೆಲ್ಲ ಹೆಚ್ಚುಕಡಿಮೆ ಸಮನಾದ ತೂಕ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಒಂದಕ್ಕೆ ಒತ್ತು, ಉಳಿದವು ನುಂಗಿದ ಹಾಗೆ. ‘ಫೋಟೊಗ್ರಾಫ್’ನಲ್ಲಿ ಮೊದಲ ಭಾಗಕ್ಕೆ ಒತ್ತು, ‘ಫಟಾಗ್ರಫಿ’ಯಲ್ಲಿ ಎರಡನೆಯದಕ್ಕೆ. ‘ಹೋಟೆಲ್’, ‘ಡೆವಲಪ್’ ಎರಡಕ್ಕೂ ಎರಡನೆಯದಕ್ಕೇ. ‘ವೆಜಿಟೇಬಲ್’ ಅಲ್ಲ, ‘ವೆಜ್‌ಟಬಲ್’. ಒತ್ತು ತಪ್ಪಿದರೆ ಉಳಿದ ಉಚ್ಚಾರವೆಲ್ಲ ಸರಿಯಿದ್ದರೂ ಪದ ಗುರುತು ಸಿಗುವುದಿಲ್ಲ. ಹೊಸ ಪದ ಬರೆದುಕೊಳ್ಳುವಾಗಲೇ ಒತ್ತಿನ ಭಾಗದ ಕೆಳಗೆ ಗೆರೆ ಎಳೆಯಿರಿ.

ಊರು ಬದಲಾದರೆ ಭಾಷೆಯೂ ಬದಲಾಗುತ್ತದಂತೆ, ನಿಜವೇ?

ಧಾರವಾಡದ ಕನ್ನಡಕ್ಕೂ ಕುಂದಾಪುರದ ಕನ್ನಡಕ್ಕೂ ಇರುವಷ್ಟು ವ್ಯತ್ಯಾಸ ಇಲ್ಲೂ ಇದೆ. ಉತ್ತರ ಇಂಗ್ಲೆಂಡಿನಲ್ಲಿ ‘ಬಸ್’ ಸುಮಾರಾಗಿ ‘ಬುಸ್’, ‘ಕಪ್’ ‘ಕುಪ್’ ಆಗುತ್ತದೆ. ‘ಬಾತ್’ ‘ಗ್ರಾಸ್’ ಎಂದು ದಕ್ಷಿಣದವರು ಎಳೆದರೆ ಉತ್ತರದವರು ಮೊಟಕು ಮಾಡುತ್ತಾರೆ. ಯಾರ್ಕ್‌ಷೈರಿನಲ್ಲಿ ‘ನೌಟ್’ ಎಂದರೆ ಏನೂ ಇಲ್ಲ, ‘ಔಟ್’ ಎಂದರೆ ಏನಾದರೂ. ಸ್ಕಾಟ್ಲೆಂಡಿನಲ್ಲಿ ‘ಐ’ ಎಂದರೆ ಹೌದು, ‘ವೀ’ ಎಂದರೆ ಪುಟ್ಟ. ಉತ್ತರದ ಗೆಳೆಯರು ‘ಕಮ್ ಫಾರ್ ಯುವರ್ ಟೀ’ ಎಂದರೆ ಬರೀ ಚಹಾ ಅಲ್ಲ, ಸಂಜೆಯ ಊಟ. ಹಸಿದುಕೊಂಡೇ ಹೋಗಿ.

ದುಂಡನೆಯ ಬನ್ನಿನ ಹೆಸರೇ ಊರಿಗೊಂದು: ಮ್ಯಾಂಚೆಸ್ಟರಿನಲ್ಲಿ ‘ಬಾರ್ಮ್’, ನಾಟಿಂಗಂನಲ್ಲಿ ‘ಕಾಬ್’, ಕವೆಂಟ್ರಿಯಲ್ಲಿ ‘ಬ್ಯಾಚ್’. ಕರೆಯುವ ಪ್ರೀತಿಯ ಪದವೂ ಹಾಗೆಯೇ. ನಾಟಿಂಗಂ, ಸ್ಟೋಕ್ ಕಡೆ ‘ಡಕ್’, ನ್ಯೂಕ್ಯಾಸಲ್ ಕಡೆ ‘ಪೆಟ್’, ಗ್ಲಾಸ್ಗೊದಲ್ಲಿ ಹೆಂಗಸರಿಗೆ ‘ಹೆನ್’, ಬಹಳ ಕಡೆ ‘ಲವ್’. ಅಂಗಡಿಯ ಹಿರಿಯ ಹೆಂಗಸು ‘ದೇರ್ ಯು ಗೋ, ಲವ್’ ಎಂದರೆ ನಮ್ಮ ಹಳ್ಳಿಯ ಅಜ್ಜಿ ‘ತಗೋ ಮಗಾ’ ಅಂದ ಹಾಗೆ. ನೀವು ತಿರುಗಿ ಹಾಗೆ ಕರೆಯಬೇಕಿಲ್ಲ.

ಊರ ಹೆಸರುಗಳನ್ನು ಮಾತ್ರ ಬಾಯಿಪಾಠ ಮಾಡಿ, ಸ್ಪೆಲಿಂಗ್ ನಂಬಬೇಡಿ: ಲೆಸ್ಟರ್, ಗ್ಲಾಸ್ಟರ್, ವುಸ್ಟರ್, ವಾರಿಕ್, ಡಾರ್ಬಿ, ರೆಡಿಂಗ್, ಲಫ್‌ಬರಾ, ಎಡಿನ್‌ಬರಾ, ಗ್ರೆನಿಚ್. ನದಿ ‘ಟೆಮ್ಸ್’. ರೈಲು ಟಿಕೆಟ್ ಕೇಳುವಾಗ ತಪ್ಪು ಹೇಳಿದರೆ ಕೌಂಟರಿನವರಿಗೆ ನಿಜಕ್ಕೂ ತಿಳಿಯುವುದಿಲ್ಲ.

ನಾವು ಬಳಸುವ ಯಾವ ಇಂಗ್ಲಿಷ್ ಇಲ್ಲಿ ನಡೆಯುವುದಿಲ್ಲ?

ಭಾರತದ ಇಂಗ್ಲಿಷ್ ತನ್ನದೇ ಆದ ಪೂರ್ಣ ಭಾಷೆ, ಅದನ್ನು ಮರೆಯಬೇಕೆಂದು ನಾವು ಹೇಳುವುದಿಲ್ಲ. ಇಲ್ಲಿ ಬೇರೆ ಅರ್ಥ ಕೊಡುವ ಪದಗಳ ಬಗ್ಗೆ ಎಚ್ಚರ ಬೇಕು, ಅಷ್ಟೆ. ‘ಐ ಪಾಸ್ಡ್ ಔಟ್ ಇನ್ 2023’ ಎಂದರೆ ಆ ವರ್ಷ ನೀವು ಪ್ರಜ್ಞೆ ತಪ್ಪಿ ಬಿದ್ದಿರಿ ಎಂದು, ‘ಗ್ರ್ಯಾಜುಯೇಟೆಡ್’ ಅನ್ನಿ. ‘ಐ ಹ್ಯಾವ್ ಎ ಡೌಟ್’ ಎಂದರೆ ಮೇಷ್ಟರ ಮಾತನ್ನೇ ನಂಬುತ್ತಿಲ್ಲ ಎಂದಂತೆ. ‘ಐ ಹ್ಯಾವ್ ಎ ಕ್ವೆಶ್ಚನ್’ ಸರಿ. ‘ಹೋಟೆಲ್’ ಎಂದರೆ ತಂಗುವ ಜಾಗ ಮಾತ್ರ, ಅಲ್ಲಿ ದೋಸೆ ತಿನ್ನಲು ಹೋಗುವುದಿಲ್ಲ. ‘ಪ್ರಿಪೋನ್’, ‘ಔಟ್ ಆಫ್ ಸ್ಟೇಷನ್’, ‘ಡು ದ ನೀಡ್‌ಫುಲ್’ ಹೆಚ್ಚಿನವರಿಗೆ ತಿಳಿಯುವುದಿಲ್ಲ. ಲಕ್ಷ, ಕೋಟಿ ಕೂಡ ಇಲ್ಲ. ಒಂದು ಲಕ್ಷ ಎಂದರೆ ‘ಎ ಹಂಡ್ರೆಡ್ ಥೌಸಂಡ್’.

ಕನ್ನಡದ ಅಚ್ಚಿನಲ್ಲೇ ಎರಕ ಹೊಯ್ದ ಮಾತುಗಳು ಇನ್ನೊಂದು ಬಗೆ, ಇವನ್ನು ನಾವೇ ಗುರುತಿಸುವುದು ಕಷ್ಟ. ‘ಸುಮ್ನೆ ಬಂದೆ’ ಎನ್ನಲು ‘ಐ ಸಿಂಪ್ಲಿ ಕೇಮ್’ ಎನ್ನುತ್ತೇವೆ. ಬ್ರಿಟಿಷರು ‘ಜಸ್ಟ್ ಥಾಟ್ ಐಡ್ ಪಾಪ್ ಇನ್’ ಎನ್ನುತ್ತಾರೆ. ‘ಅಲ್ಲೇ’ ಎನ್ನಲು ‘ದೇರ್ ಓನ್ಲಿ’, ‘ಇವತ್ತು ಬೆಳಿಗ್ಗೆ’ಗೆ ‘ಟುಡೇ ಮಾರ್ನಿಂಗ್’. ಇಲ್ಲಿ ‘ರೈಟ್ ದೇರ್’, ‘ದಿಸ್ ಮಾರ್ನಿಂಗ್’. ಫೋನೆತ್ತಿ ‘ಹೇಳಿ’ ಎಂಬರ್ಥದಲ್ಲಿ ‘ಟೆಲ್ ಮಿ’ ಅಂದರೆ ಗದರಿದ ಹಾಗಾಗುತ್ತದೆ. ಹೊರಡುವಾಗ ‘ಬರ್ತೀನಿ’ ಎಂಬುದನ್ನು ‘ಐ ವಿಲ್ ಕಮ್’ ಮಾಡಿದರೆ, ಎಲ್ಲಿಗೆ ಎಂದು ಕೇಳುತ್ತಾರೆ. ‘ಸೀ ಯು ಲೇಟರ್’ ಅನ್ನಿ. ಮತ್ತೆಂದೂ ಸಿಗದವರಿಗೂ ಅದನ್ನೇ ಹೇಳುವುದು ವಾಡಿಕೆ, ನಮ್ಮ ‘ಬರ್ತೀನಿ’ಯ ಹಾಗೇ.

‘ಹೌದು’ ‘ಇಲ್ಲ’ಗಳಲ್ಲೇ ಗೊಂದಲವಾಗುತ್ತಿದೆ.

ಇದಕ್ಕೆ ಮೂರು ಕಾರಣ. ‘ಯು ಹ್ಯಾವಂಟ್ ಈಟನ್?’ ಎಂದು ಕೇಳಿದರೆ ನಾವು ‘ಹೌದು, ತಿಂದಿಲ್ಲ’ ಎನ್ನುವ ಲೆಕ್ಕದಲ್ಲಿ ‘ಎಸ್’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ತಿಂದಿಲ್ಲವಾದರೆ ‘ನೋ, ಐ ಹ್ಯಾವಂಟ್’. ‘ವುಡ್ ಯು ಮೈಂಡ್ ಇಫ್ ಐ ಓಪನ್ಡ್ ದ ವಿಂಡೊ?’ ಎಂಬುದಕ್ಕೆ ಒಪ್ಪಿಗೆಯಿದ್ದರೆ ‘ನೋ, ನಾಟ್ ಅಟ್ ಆಲ್’. ‘ಮೈಂಡ್’ ಎಂದರೆ ನಿಮಗೆ ತೊಂದರೆಯೇ ಎಂದು. ಮೂರನೆಯದು ತಲೆ. ನಾವು ಒಪ್ಪಿಗೆಗೆ ತಲೆಯನ್ನು ಅತ್ತಿತ್ತ ತೂಗುತ್ತೇವೆ, ಅವರಿಗದು ‘ಇಲ್ಲ’ ಅಥವಾ ‘ನೋಡೋಣ’. ಬಾಯಿಬಿಟ್ಟು ‘ಎಸ್’ ಹೇಳುವುದು ಕ್ಷೇಮ.

ಮಾತು ಶುರು ಮಾಡುವುದು ಹೇಗೆ? ‘ಊಟ ಆಯ್ತಾ’ ಅಂತ ಕೇಳಬಹುದೇ?

‘ಹ್ಯಾವ್ ಯು ಹ್ಯಾಡ್ ಲಂಚ್?’ ಎಂದು ಕೇಳಿದರೆ ಊಟಕ್ಕೆ ಕರೆಯುತ್ತಿದ್ದೀರಿ ಎಂದುಕೊಳ್ಳುತ್ತಾರೆ. ಇಲ್ಲಿ ಆ ಜಾಗ ಹವಾಮಾನದ್ದು. ‘ಚಿಲ್ಲಿ ಟುಡೇ, ಇಸಂಟ್ ಇಟ್?’ ಎಂದರೆ ‘ಇಟ್ ಈಸ್, ಇಸಂಟ್ ಇಟ್?’ ಎಂದು ಒಪ್ಪಿಕೊಳ್ಳಬೇಕು. ನಮ್ಮೂರಿನ ಉಷ್ಣಾಂಶದ ಲೆಕ್ಕ ಕೊಟ್ಟು ವಾದಿಸಬಾರದು. ಹನಿಯುತ್ತಿದ್ದರೆ ‘ಇಟ್ಸ್ ಸ್ಪಿಟಿಂಗ್’, ಜೋರು ಮಳೆಗೆ ‘ಚಕಿಂಗ್ ಇಟ್ ಡೌನ್’, ಸೆಕೆಗೆ ‘ಮಗ್ಗಿ’. ಸಂಬಳ, ಮದುವೆ, ವಯಸ್ಸು, ಧರ್ಮ ಮೊದಲ ಪರಿಚಯದಲ್ಲಿ ಬೇಡ. ವಾರಾಂತ್ಯ ಏನು ಮಾಡಿದಿರಿ, ಎಲ್ಲಿಂದ ಓಡಾಡುತ್ತೀರಿ, ನಾಯಿಯ ಹೆಸರೇನು, ಇವು ಸಲೀಸು. ನಾಯಿ ಜೊತೆಗಿದ್ದರಂತೂ ಮಾತು ತಾನಾಗಿ ಬರುತ್ತದೆ.

ಚಹಾ ಬೇಕಾ ಎಂದರು, ಸಂಕೋಚಕ್ಕೆ ಬೇಡ ಎಂದೆ. ಮತ್ತೆ ಕೇಳಲೇ ಇಲ್ಲ!

ಕೇಳುವುದಿಲ್ಲ. ಮೂರು ಸಲ ಒತ್ತಾಯಿಸಿದ ಮೇಲೆ ಒಪ್ಪುವ ನಮ್ಮ ಉಪಚಾರದ ಪದ್ಧತಿ ಇಲ್ಲಿಲ್ಲ. ‘ನೋ, ಥ್ಯಾಂಕ್ಸ್’ ಅಂದರೆ ಬೇಡ ಎಂದೇ ಅರ್ಥ, ಒತ್ತಾಯಿಸಿದರೆ ಅವರ ಲೆಕ್ಕದಲ್ಲಿ ಅದು ಅಸಭ್ಯತೆ. ಬೇಕಿದ್ದರೆ ಮೊದಲ ಸಲವೇ ‘ಓ ಎಸ್, ಪ್ಲೀಸ್’. ಮುಂದಿನ ಪ್ರಶ್ನೆ ‘ಹೌ ಡು ಯು ಟೇಕ್ ಇಟ್?’ ಹಾಲು ಹಾಕಿ ಸಕ್ಕರೆ ಬೇಡವಾದರೆ ‘ವೈಟ್, ನೋ ಶುಗರ್’. ಹಾಲು, ಎರಡು ಚಮಚ ಸಕ್ಕರೆಗೆ ‘ಮಿಲ್ಕ್ ಆಂಡ್ ಟೂ’. ಉತ್ತರದಲ್ಲಿ ಚಹಾವನ್ನು ‘ಬ್ರೂ’ ಎನ್ನುತ್ತಾರೆ. ಹಾಸ್ಟೆಲಿನ ಅಡುಗೆಮನೆಯಲ್ಲಿ ನೀವು ಕೆಟಲ್ ಹಾಕಿದಾಗ ಅಲ್ಲಿದ್ದವರನ್ನೆಲ್ಲ ‘ಎನಿವನ್ ವಾಂಟ್ ಎ ಬ್ರೂ?’ ಎಂದು ಕೇಳಿ. ದಿನಕ್ಕೆ ಹತ್ತು ನಿಮಿಷದ ಒಳ್ಳೆಯ ಸಂಭಾಷಣೆಗೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಇನ್ನೊಂದು ಮಾತು. ‘ಯು ಮಸ್ಟ್ ಕಮ್ ರೌಂಡ್ ಸಮ್‌ಟೈಮ್’ ಎಂಬುದು ಕರೆಯಲ್ಲ, ಸೌಜನ್ಯ. ದಿನ ಮತ್ತು ಗಂಟೆ ಹೇಳಿದಾಗ ಮಾತ್ರ ಅದು ಕರೆ.

ಹೊಗಳಿದ್ದಾರೋ ಬೈದಿದ್ದಾರೋ ತಿಳಿಯುವುದಿಲ್ಲ.

‘ನಾಟ್ ಬ್ಯಾಡ್ ಅಟ್ ಆಲ್’ ಎಂದರೆ ಚೆನ್ನಾಗಿದೆ. ‘ಕ್ವೈಟ್ ಗುಡ್’ ಎಂದರೆ ಬಹುಮಟ್ಟಿಗೆ ಪರವಾಗಿಲ್ಲ ಎಂಬಷ್ಟೇ. ನಿಮ್ಮ ಪ್ರಬಂಧ ನೋಡಿ ‘ಯು ಮೈಟ್ ವಾಂಟ್ ಟು ಲುಕ್ ಅಟ್ ದಿಸ್ ಸೆಕ್ಷನ್ ಅಗೇನ್’ ಎಂದರೆ ಅದು ಸಲಹೆಯಲ್ಲ, ಆ ಭಾಗ ತಿರುಗಿ ಬರೆಯಲೇಬೇಕು. ಇದನ್ನು ತಪ್ಪಾಗಿ ತಿಳಿದು ಹಾಗೇ ಬಿಟ್ಟು ಅಂಕ ಕಳೆದುಕೊಳ್ಳುವವರಿದ್ದಾರೆ.

ಪ್ರಾಧ್ಯಾಪಕರನ್ನು ಹೆಸರು ಹಿಡಿದು ಕರೆಯುವುದೇ?

ಮೊದಲ ಇ-ಮೇಲಿನಲ್ಲಿ ‘ಡಿಯರ್ ಡಾಕ್ಟರ್’ ಅಥವಾ ‘ಡಿಯರ್ ಪ್ರೊಫೆಸರ್’, ಮುಂದೆ ಮನೆತನದ ಹೆಸರು. ಅವರು ಉತ್ತರದ ಕೊನೆಯಲ್ಲಿ ಬರೀ ಮೊದಲ ಹೆಸರು ಬರೆದಿದ್ದರೆ ಅಲ್ಲಿಂದ ಮುಂದೆ ಅದನ್ನೇ ಬಳಸಬಹುದು, ಅದು ಅವರೇ ಕೊಟ್ಟ ಅನುಮತಿ. ‘ಸರ್’, ‘ಮ್ಯಾಮ್’ ವಿಶ್ವವಿದ್ಯಾಲಯದಲ್ಲಿ ನಡೆಯದು.

ದಿನಸಿ ತರುವಾಗ ಯಾವ ಹೆಸರು ಕೇಳಬೇಕು? ನಾನು ಸಸ್ಯಾಹಾರಿ.

ಬದನೆ ‘ಓಬರ್ಜೀನ್’, ಬೆಂಡೆ ‘ಓಕ್ರಾ’, ದಪ್ಪಮೆಣಸು ‘ಪೆಪರ್’, ಮೈದಾ ‘ಪ್ಲೇನ್ ಫ್ಲವರ್’, ಕಡಲೆಹಿಟ್ಟು ‘ಗ್ರ್ಯಾಮ್ ಫ್ಲವರ್’, ರವೆ ‘ಸೆಮೊಲಿನಾ’. ಸೂಪರ್‌ಮಾರ್ಕೆಟಿನ ಸೆಮೊಲಿನಾ ಸಾಮಾನ್ಯವಾಗಿ ನಯ, ಉಪ್ಪಿಟ್ಟು ಮುದ್ದೆಯಾಗುತ್ತದೆ. ಉಪ್ಪಿಟ್ಟಿಗೆ ಭಾರತೀಯ ಅಂಗಡಿಯ ದಪ್ಪ ರವೆಯೇ ಬೇಕು. ಮೊಸರನ್ನು ‘ಕರ್ಡ್’ ಎಂದು ಕೇಳಿದರೆ ‘ಲೆಮನ್ ಕರ್ಡ್’ ತೋರಿಸಬಹುದು, ಅದು ಬ್ರೆಡ್ಡಿಗೆ ಹಚ್ಚುವ ನಿಂಬೆಯ ಸಿಹಿ. ‘ನ್ಯಾಚುರಲ್ ಯೋಗರ್ಟ್’ ಅನ್ನಿ. ಇಲ್ಲಿ ಉಚ್ಚಾರ ‘ಯಾಗಟ್’. ಹಾಲಿನಲ್ಲಿ ಸಾಮಾನ್ಯವಾಗಿ ನೀಲಿ ಮುಚ್ಚಳ ಕೆನೆಹಾಲು, ಹಸಿರು ಅರ್ಧ ಕೆನೆ ತೆಗೆದದ್ದು, ಕೆಂಪು ಪೂರ್ತಿ ತೆಗೆದದ್ದು. ಅಳತೆ ಪಿಂಟ್, ಒಂದು ಪಿಂಟ್ ಎಂದರೆ 568 ಮಿಲಿ. ‘ಚಿಪ್ಸ್’ ಎಂದರೆ ಬಿಸಿ ಆಲೂಗಡ್ಡೆ ತುಂಡು, ನಮ್ಮ ಪೊಟ್ಟಣದ ಚಿಪ್ಸಿಗೆ ‘ಕ್ರಿಸ್ಪ್ಸ್’.

ಸಸ್ಯಾಹಾರಿಗಳು ಹೆಸರು ನೋಡಿ ಮೋಸಹೋಗಬಾರದು. ‘ಪುಡಿಂಗ್’ ಸಾಮಾನ್ಯವಾಗಿ ಊಟದ ಕೊನೆಯ ಸಿಹಿ, ಆದರೆ ‘ಬ್ಲ್ಯಾಕ್ ಪುಡಿಂಗ್’ ಪ್ರಾಣಿಯ ರಕ್ತದಿಂದ ಮಾಡಿದ್ದು. ‘ಯಾರ್ಕ್‌ಷೈರ್ ಪುಡಿಂಗ್’ ಸಿಹಿಯಲ್ಲ, ಅದು ಮೊಟ್ಟೆ, ಮೈದಾ, ಹಾಲಿನದು. ಕ್ರಿಸ್‌ಮಸ್‌ನ ‘ಮಿನ್ಸ್ ಪೈ’ಯಲ್ಲಿ ಈಗ ಮಾಂಸ ಇರುವುದಿಲ್ಲ, ಒಣಹಣ್ಣಿನ ಹೂರಣ, ಆದರೆ ‘ಸೂಯೆಟ್’ ಎಂಬ ದನದ ಕೊಬ್ಬು ಸೇರಿರಬಹುದು. ಪ್ರಾಣಿಯ ಮೂಳೆ, ಚರ್ಮದಿಂದ ತೆಗೆಯುವ ‘ಜೆಲಟಿನ್’ ಇರುವ ಮಿಠಾಯಿ, ಮೀನು ಸೇರುವ ‘ವುಸ್ಟರ್ ಸಾಸ್’ ಕೂಡ ಗಮನಿಸಿ. ಪೊಟ್ಟಣದ ಹಿಂಭಾಗ ಓದುವುದೇ ಒಂದು ಪಾಠ: ‘ಯೂಸ್ ಬೈ’ ದಿನ ದಾಟಿದರೆ ತಿನ್ನಬಾರದು, ‘ಬೆಸ್ಟ್ ಬಿಫೋರ್’ ದಾಟಿದರೆ ರುಚಿ ತಗ್ಗಬಹುದು ಅಷ್ಟೆ.

ಡಾಕ್ಟರ ಹತ್ತಿರ ಏನು ಹೇಳಬೇಕು?

ಕ್ಲಿನಿಕ್ಕಿಗೆ ಇಲ್ಲಿ ‘ಸರ್ಜರಿ’ ಎನ್ನುತ್ತಾರೆ, ಶಸ್ತ್ರಚಿಕಿತ್ಸೆ ಎಂದು ಹೆದರಬೇಡಿ. ಊರು ಸೇರಿದ ಮೊದಲ ವಾರದಲ್ಲೇ ಅಲ್ಲಿ ಹೆಸರು ನೋಂದಾಯಿಸಿ, ಕಾಯಿಲೆ ಬಂದ ಮೇಲಲ್ಲ. ‘ಐ ಫೀಲ್ ಸಿಕ್’ ಎಂದರೆ ವಾಂತಿ ಬರುವ ಹಾಗಿದೆ, ‘ಐ ಹ್ಯಾವ್ ಬೀನ್ ಸಿಕ್’ ಎಂದರೆ ವಾಂತಿಯಾಯಿತು. ಬರೀ ಹುಷಾರಿಲ್ಲವಾದರೆ ‘ಐ ಆಮ್ ನಾಟ್ ವೆಲ್’, ಉತ್ತರದಲ್ಲಿ ‘ಪೂರ್ಲಿ’. ಜ್ವರಕ್ಕೆ ‘ಐ ಹ್ಯಾವ್ ಎ ಟೆಂಪರೇಚರ್’. ‘ಲೂಸ್ ಮೋಷನ್’ ತಿಳಿಯುವುದಿಲ್ಲ, ‘ಡಯರಿಯಾ’ ಅನ್ನಿ. ನೋವಿನ ಬಗೆಗೂ ಪದಗಳಿವೆ: ಚುಚ್ಚಿದ ಹಾಗಿದ್ದರೆ ‘ಶಾರ್ಪ್’, ಮಂದವಾಗಿದ್ದರೆ ‘ಡಲ್’, ಸಿಡಿಯುತ್ತಿದ್ದರೆ ‘ಥ್ರಾಬಿಂಗ್’. ಮೂರು ಸಾಲು ಬರೆದುಕೊಂಡು ಹೋಗಿ: ಏನು, ಎಷ್ಟು ದಿನದಿಂದ, ಏನು ನುಂಗಿದ್ದೀರಿ. ದುಭಾಷಿ ಬೇಕಾದರೆ ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕೇಳಬಹುದು, ಅದಕ್ಕೆ ನೀವು ದುಡ್ಡು ಕೊಡಬೇಕಿಲ್ಲ.

ಗಂಟಲು ನೋವು, ಸೈನಸ್‌ನಂಥ ಏಳು ತೊಂದರೆಗಳಿಗೆ ಇಂಗ್ಲೆಂಡಿನಲ್ಲಿ 2024ರ ಜನವರಿ ಕೊನೆಯಿಂದ ಔಷಧಿ ಅಂಗಡಿಯವರೇ ಚಿಕಿತ್ಸೆ ಕೊಡಬಹುದು. ತುರ್ತಲ್ಲದ ಸಲಹೆಗೆ 111, ಜೀವಕ್ಕೆ ಅಪಾಯವಿದ್ದರೆ 999.

ಕುಡಿಯದವರು ಪಬ್ಬಿಗೆ ಹೋಗಬಹುದೇ?

ಧಾರಾಳವಾಗಿ. ‘ಲೈಮ್ ಆಂಡ್ ಸೋಡಾ, ಪ್ಲೀಸ್’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ‘ಲೆಮನೇಡ್’ ನಮ್ಮ ನಿಂಬೆ ಪಾನಕವಲ್ಲ, ಬುರುಗು ಬರುವ ಸಿಹಿ ಸೋಡಾ. ಹೆಚ್ಚಿನ ಕಡೆ ಮೇಜಿಗೆ ಯಾರೂ ಬರುವುದಿಲ್ಲ, ಕಟ್ಟೆಗೇ ಹೋಗಿ ಹೇಳಿ ಅಲ್ಲೇ ದುಡ್ಡು ಕೊಡಬೇಕು. ಸಾಲು ಕಾಣದಿದ್ದರೂ ಸರದಿ ಇರುತ್ತದೆ. ನಿಮಗಿಂತ ಮೊದಲು ಬಂದವರಿದ್ದರೆ ‘ದೇ ವರ್ ಫಸ್ಟ್’ ಎಂದು ಬಿಟ್ಟುಕೊಡಿ. ಗುಂಪಿನಲ್ಲಿ ಒಬ್ಬೊಬ್ಬರೂ ಸರದಿಯಂತೆ ಎಲ್ಲರಿಗೂ ತರುವುದು ‘ರೌಂಡ್’. ನಿಮ್ಮ ಸರದಿ ತಪ್ಪಿಸಬೇಡಿ. ಖರ್ಚು ಹೆಚ್ಚೆನಿಸಿದರೆ ಮೊದಲೇ ‘ಐಲ್ ಗೆಟ್ ಮೈ ಓನ್, ಥ್ಯಾಂಕ್ಸ್’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಮನೆಯಲ್ಲಿ ಎಲ್ಲರೂ ಕನ್ನಡದವರೇ. ಮಾತಾಡಲು ಬ್ರಿಟಿಷರು ಎಲ್ಲಿ ಸಿಗುತ್ತಾರೆ?

ಇಂಗ್ಲಿಷ್ ಬೆಳೆಯದಿರಲು ಇದೇ ಮುಖ್ಯ ಕಾರಣ, ಆದರೆ ಅದಕ್ಕಾಗಿ ಮನೆ ಬದಲಿಸಬೇಕಿಲ್ಲ. ವಾರಕ್ಕೊಮ್ಮೆ ಅದೇ ಜನ, ಅದೇ ಜಾಗ, ಅದೇ ಹೊತ್ತು ಸಿಗುವಂತೆ ನೋಡಿಕೊಳ್ಳಿ; ಹೊಸಬರೊಡನೆ ಪ್ರತಿ ಸಲ ಪರಿಚಯ ಹೇಳಿಕೊಳ್ಳುತ್ತಿದ್ದರೆ ಮಾತು ಪರಿಚಯದಲ್ಲೇ ನಿಲ್ಲುತ್ತದೆ. ಶನಿವಾರ ಬೆಳಿಗ್ಗೆಯ ಪಾರ್ಕ್‌ರನ್ ಚೆನ್ನಾಗಿದೆ: 5 ಕಿ.ಮೀ., ಉಚಿತ, ನಡೆದರೂ ಸರಿ, ಓಡುವ ಬದಲು ಸ್ವಯಂಸೇವಕರಾಗಿ ನಿಂತರೆ ಮಾತು ಇನ್ನೂ ಹೆಚ್ಚು. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 9 ಗಂಟೆಗೆ, ಸ್ಕಾಟ್ಲೆಂಡಿನಲ್ಲಿ 9.30ಕ್ಕೆ. ಊರಿನ ಗ್ರಂಥಾಲಯದ ಸದಸ್ಯತ್ವ ಉಚಿತ, ಅನೇಕ ಕಡೆ ಇಂಗ್ಲಿಷ್ ಮಾತುಕತೆಯ ಗುಂಪುಗಳೂ ನಡೆಯುತ್ತವೆ.

ಚಾರಿಟಿ ಅಂಗಡಿಯಲ್ಲಿ, ಅಂದರೆ ಜನ ದಾನ ಕೊಟ್ಟ ವಸ್ತುಗಳನ್ನು ಸೇವಾಸಂಸ್ಥೆಗಾಗಿ ಮಾರುವ ಅಂಗಡಿಯಲ್ಲಿ, ಕೌಂಟರ್ ಕೆಲಸ ಭಾಷೆಗೆ ತುಂಬ ಒಳ್ಳೆಯದು. ಆದರೆ ವಿದ್ಯಾರ್ಥಿ ವೀಸಾದ ನಿಯಮ ನೋಡಿ: ನಿಗದಿತ ಪಾಳಿ, ಕರಾರಿನ ಜವಾಬ್ದಾರಿ ಇರುವ ಸಂಬಳವಿಲ್ಲದ ಕೆಲಸವೂ ವಾರದ ಗಂಟೆಗಳ ಮಿತಿಯೊಳಗೆ ಲೆಕ್ಕಕ್ಕೆ ಬರುತ್ತದೆ. ಪದವಿ ಓದುವವರಿಗೆ ತರಗತಿಗಳ ಅವಧಿಯಲ್ಲಿ ಆ ಮಿತಿ ಸಾಮಾನ್ಯವಾಗಿ 20 ಗಂಟೆ. ಸೇರುವ ಮೊದಲು ವಿಶ್ವವಿದ್ಯಾಲಯದ ವೀಸಾ ಸಲಹೆಗಾರರನ್ನು ಕೇಳಿ.

ಕಿವಿ ಪಳಗಲು ಏನು ಕೇಳಬೇಕು?

ಕ್ರಿಕೆಟ್ ಗೊತ್ತಿದ್ದರೆ ಬಿಬಿಸಿಯ ಟೆಸ್ಟ್ ಪಂದ್ಯಗಳ ರೇಡಿಯೊ ವೀಕ್ಷಕವಿವರಣೆ, 1957ರಿಂದ ನಡೆದುಬಂದದ್ದು. ಆಟ ಗೊತ್ತಿರುವುದರಿಂದ ಪದ ತಪ್ಪಿದರೂ ಅರ್ಥ ತಪ್ಪುವುದಿಲ್ಲ, ಮಧ್ಯೆ ಮಧ್ಯೆ ಕೇಕು, ಮಳೆ, ಪಾರಿವಾಳದ ಹರಟೆ ಬೇರೆ. ರೇಡಿಯೊ ಕೇಳಲು ಟಿವಿ ಲೈಸೆನ್ಸ್ (ಟಿವಿ ನೋಡಲು ಶುಲ್ಕ ಕಟ್ಟಿ ಪಡೆಯುವ ಪರವಾನಗಿ) ಬೇಕಿಲ್ಲ. ನೇರಪ್ರಸಾರದ ಟಿವಿ ಅಥವಾ ಬಿಬಿಸಿ ಐಪ್ಲೇಯರ್ ನೋಡಲು ಬೇಕು, ಫೋನಿನಲ್ಲಿ ನೋಡಿದರೂ ಅಷ್ಟೆ. ಎರಡು ನಿಮಿಷದ ತುಣುಕೊಂದನ್ನು ಮೂರು ಸಲ ಕೇಳಿ, ಆಮೇಲೆ ಅವರ ಬೆನ್ನಹಿಂದೆಯೇ ಗಟ್ಟಿಯಾಗಿ ಹೇಳಿ, ನಿಮ್ಮ ದನಿ ಮುದ್ರಿಸಿ ಹೋಲಿಸಿ. ದಿನಕ್ಕೆ ಹದಿನೈದು ನಿಮಿಷ ಸಾಕು. ಎರಡು ಗಂಟೆ ಹಿನ್ನೆಲೆಯಲ್ಲಿ ಹಾಕಿಟ್ಟುಕೊಂಡರೆ ಕಿವಿ ಅದನ್ನು ಸದ್ದೆಂದು ತಳ್ಳಿಹಾಕುತ್ತದೆ.

ಅರ್ಥವಾಗದಾಗ ಸುಮ್ಮನೆ ನಕ್ಕು ತಲೆಯಾಡಿಸುತ್ತೇನೆ. ಬೇರೆ ದಾರಿ?

‘ಪಾರ್ಡನ್?’ ಎಂದು ಮೂರು ಸಲ ಕೇಳಿದರೆ ಅವರು ಅದೇ ವಾಕ್ಯವನ್ನು ಜೋರಾಗಿ ಹೇಳುತ್ತಾರೆ, ಪ್ರಯೋಜನವಿಲ್ಲ. ಕೇಳಿಸಿದಷ್ಟನ್ನು ಹೇಳಿ ಕೇಳದ್ದನ್ನಷ್ಟೇ ಕೇಳಿ: ‘ಸಾರಿ, ಪ್ಲಾಟ್‌ಫಾರ್ಮ್ ವಾಟ್?’ ಸಂಖ್ಯೆಗಳಲ್ಲಿ ಇದು ಬಹಳ ಮುಖ್ಯ. 15ಕ್ಕೂ 50ಕ್ಕೂ ವ್ಯತ್ಯಾಸ ಒತ್ತಿನದು; ‘ಫಿಫ್ಟೀನ್’ಗೆ ಒತ್ತು ಕೊನೆಯಲ್ಲಿ, ‘ಫಿಫ್ಟಿ’ಗೆ ಮೊದಲಲ್ಲಿ. ಅನುಮಾನ ಬಂದರೆ ‘ಒನ್ ಫೈವ್ ಆರ್ ಫೈವ್ ಝೀರೊ?’ ‘ಹಾಫ್ ಫೈವ್’ ಎಂದರೆ ಐದೂವರೆ, ನಾಲ್ಕೂವರೆಯಲ್ಲ. ‘ಟೆನ್ನರ್’ 10 ಪೌಂಡ್, ‘ಫೈವರ್’ 5, ‘ಕ್ವಿಡ್’ ಎಂದರೆ ಪೌಂಡು, ‘ಫೋರ್ಟ್‌ನೈಟ್’ ಎರಡು ವಾರ. ನಮ್ಮ ಉದ್ದದ ಹೆಸರನ್ನು ಫೋನಿನಲ್ಲಿ ಹೇಳಲು ‘ಆಲ್ಫಾ, ಬ್ರಾವೊ, ಚಾರ್ಲಿ’ (ಎ, ಬಿ, ಸಿ ಅಕ್ಷರಗಳಿಗೆ ಒಂದೊಂದು ಪದ) ಪಟ್ಟಿಯಲ್ಲಿ ನಿಮ್ಮ ಹೆಸರಿನ ಅಕ್ಷರಗಳನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ.

ಮನೆಗೆ ದಿನಾ ಕನ್ನಡದಲ್ಲಿ ಫೋನ್ ಮಾಡಿದರೆ ಇಂಗ್ಲಿಷ್ ಹಿಂದೆ ಬೀಳುತ್ತದೆಯೇ?

ಇಲ್ಲ, ಮಾಡಿ. ಹೊತ್ತು ಮಾತ್ರ ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಬದಲಾಗುತ್ತದೆ. ಬೇಸಿಗೆಯಲ್ಲಿ ಭಾರತ ನಾಲ್ಕೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಐದೂವರೆ. ಚಳಿಗಾಲದಲ್ಲಿ ಇಲ್ಲಿ ಸಂಜೆ ಐದಕ್ಕೆ ಫೋನ್ ಮಾಡಿದರೆ ಅಲ್ಲಿ ರಾತ್ರಿ ಹತ್ತೂವರೆ, ಅಮ್ಮ ಮಲಗಿರಬಹುದು.